ಹದಿನಾರನೇ ಶತಮಾನದ ಮೆಟ್ಟಿಲು

ದೂರದ ಕೋಟೆ ಕಣ್ಣಿಗೆ, ಮನೆಯ ಗೋಡೆ ಮಣ್ಣಿಗೆ ಎಂದು ಗಾದೆ. ಗಾದೆಯನ್ನು ಕೆಡಿಸಿದವನು ನಾನೇ. ಆದರೆ ಗಾದೆ ಸುಳ್ಳಾದರೂ ಈ ಕತೆ ಸುಳ್ಳಲ್ಲ.

ಮುಂಬಯಿ ಬಳಿಯ ಡೊಂಬಿವಲಿಯ ಸರ್ವೋತ್ತಮರಿಗೆ ಪಾಳುಬಿದ್ದದ್ದೆಲ್ಲ ಪ್ರಾಣ. ಭಾನುವಾರ ಬಂತೆಂದರೆ ಕ್ಯಾಮರಾ ನೇತುಹಾಕಿಕೊಂಡು ವಸಾಯಿ ಕೋಟೆಗೆ ಹೊರಡುವರು. ಕುಸಿದ ಕಮಾನಿನೆದುರು ಹೆಣ್ಣು ನೋಡಲು ಬಂದ ವರನಂತೆ ತಲೆ ಓರೆ ಮಾಡಿ ನಿಲ್ಲುವರು. ಫೋಟೋ ಕಪ್ಪು-ಬಿಳುಪೇ ಆಗಬೇಕು. "ಬಣ್ಣ ಬಂದ್ರೆ ಬಿರುಕಿನ ಮರ್ಯಾದೆ ಹೋಗ್ತದೆ" ಎಂಬುದು ಅವರ ಸಿದ್ಧಾಂತ.

ಎದುರು ಫ್ಲ್ಯಾಟಿನ ಮುರಾರಿ ಸೊಸೈಟಿಯ ಸೆಕ್ರೆಟರಿ. ಒಂದು ಭಾನುವಾರ ಬೆಳಿಗ್ಗೆ ನಾಲ್ಕನೇ ಸಲ ಕಾಗದ ಹಿಡಿದು ಬಂದರು.

"ಮೆಟ್ಟಿಲು ಉದುರ್ತಾ ಉಂಟು ಮಾರಾಯ್ರೆ. ರಿಪೇರಿಗೆ ನಿಮ್ಮ ಸಹಿ ಒಂದೇ ಬಾಕಿ."

"ನಾನು ಫ್ಲ್ಯಾಟ್ ಮಾರಿ ಥಾಣೆಗೆ ಹೋಗುವವ. ರಿಪೇರಿ ಬರುವವರ ತಲೆನೋವು."

ಕೊಂಡು ಬರುವವರು ಕಲ್ಯಾಣದ ಹೋಟೆಲಿನ ರಘುಪತಿ. ಸಂಜೆ ಕನ್ನಡ ಸಂಘದ ಫೋಟೋ ಸ್ಪರ್ಧೆಗೆ ಅವರೇ ಮುಖ್ಯ ಅತಿಥಿ, ಆಮೇಲೆ ನೇರ ಫ್ಲ್ಯಾಟ್ ನೋಡಲು ಬರುವುದು. ಅವರಿಗೆ ಬಿರುಕು ಕಾಣದಿರಲೆಂದು ಸರ್ವೋತ್ತಮರು ಮೆಟ್ಟಿಲಿನ ಬಲ್ಬನ್ನು ಬೆಳಿಗ್ಗೆಯೇ ಬಿಚ್ಚಿಟ್ಟಿದ್ದರು.

"ಆಯ್ತು ಬಿಡಿ. ನಿಮ್ಮ ಸ್ಪರ್ಧೆಯ ಫೋಟೋ ಕೊಡಿ, ಸ್ಕೂಟರಲ್ಲಿ ಮುಟ್ಟಿಸ್ತೇನೆ" ಎಂದರು ಮುರಾರಿ, ಹಾಲಿನಷ್ಟು ಮುಗ್ಧರಾಗಿ.

ಸಂಜೆ ಮೊದಲ ಬಹುಮಾನದ ಪರದೆ ಸರಿಯಿತು. 'ಹದಿನಾರನೇ ಶತಮಾನದ ಕೋಟೆಯ ಮೆಟ್ಟಿಲು, ಛಾಯಾಗ್ರಹಣ: ಸರ್ವೋತ್ತಮ.' ಶೀರ್ಷಿಕೆ ಅವರದ್ದೇ. ಮೆಟ್ಟಿಲು ಮಾತ್ರ ಕೋಟೆಯದ್ದಲ್ಲ. ಹಲ್ಲು ಕಿರಿದ ಕಬ್ಬಿಣದ ಸರಳು, ಉದುರಿದ ಗಾರೆ... ಸಾಕ್ಷಾತ್ ಅವರ ಬಿಲ್ಡಿಂಗಿನದೇ! ಮುರಾರಿಯ ಸ್ಕೂಟರಿನಲ್ಲಿ ಫೋಟೋ ಬದಲಾಗಿತ್ತು.

"ಅಬ್ಬಬ್ಬಾ, ಎಂಥ ಹಾಳು!" ರಘುಪತಿ ಮೈಕಿನಲ್ಲಿ ಬೆರಗಾದರು. "ಇಲ್ಲಿ ಬಾವಲಿ ಬಿಟ್ಟು ಬೇರೆ ಯಾರು ಇದ್ದಾರು?"

ಸಭೆ ನಕ್ಕಿತು. ಮುರಾರಿ ಬೆಳಗಿನ ಕಾಗದ, ಪೆನ್ನು ಹಿಡಿದು ಸರ್ವೋತ್ತಮರ ಕಿವಿಗೆ ಬಾಗಿದರು. "ಸಹಿ ಹಾಕ್ತೀರೋ, ಅವರಿಗೆ ಅಡ್ರೆಸ್ ಹೇಳ್ಲೋ?"

ಸರ್ವೋತ್ತಮರು ಪೆನ್ನು ಕಸಿದು ಸಹಿ ಗೀಚಿದರು. ಗುಟ್ಟು ಉಳಿಯಿತು, ಮಾರಾಟವೂ ಉಳಿಯಿತು ಎಂದು ಉಸಿರು ಬಿಡುವಷ್ಟರಲ್ಲಿ ರಘುಪತಿ ಫೋಟೋವನ್ನು ಗೋಡೆಯಿಂದಿಳಿಸಿ ಕಂಕುಳಲ್ಲಿಟ್ಟುಕೊಂಡರು.

"ಇದು ನನಗೇ ಬೇಕು ಸರ್ವೋತ್ತಮರೇ! ನಡೀರಿ, ನಿಮ್ಮ ಬಿಲ್ಡಿಂಗಿನ ಮೆಟ್ಟಿಲ ಹತ್ರವೇ ತೂಗುಹಾಕುವಾ. ಕತ್ತಲಿದ್ರೂ ಚಿಂತಿಲ್ಲ, ದೊಡ್ಡ ಟಾರ್ಚ್ ತಂದಿದ್ದೇನೆ!"

ಸಭೆ ಮತ್ತೆ ನಕ್ಕಿತು. ಮುರಾರಿ ಬಾಯಿಗೆ ಕರವಸ್ತ್ರ ತುರುಕಿಕೊಂಡರು. ಎಲ್ಲರಿಗಿಂತ ಜೋರಾಗಿ, ಕಣ್ಣಲ್ಲಿ ನೀರು ಬರುವಂತೆ ನಕ್ಕವರು ಮಾತ್ರ ಸರ್ವೋತ್ತಮರು.

ನಗು ನಿಲ್ಲಿಸಿದರೆ ಹೊರಡಬೇಕಿತ್ತಲ್ಲ!