ದರ್ಜಿಯವರನ್ನು ಮೇಲೆತ್ತಿದ ಪುಟ್ಟ ಟ್ರಾಕ್ಟರಿಗೆ

ಎರಡು ಸಿಲಿಂಡರು, ಹದಿನೆಂಟು ಅಶ್ವಶಕ್ತಿ ಮತ್ತು ಅಪಾರ ಸ್ವಾಭಿಮಾನವುಳ್ಳ ಮಾನ್ಯ ಡೀಸೆಲ್ ಟ್ರಾಕ್ಟರ್ ಮಹಾಶಯರೇ,

ಸಸಿತೋಟದ ಯಜಮಾನಿಯಾದ ನಾನು ಊರೆದುರಿಗೆ ಮಾಡಿಕೊಳ್ಳುವ ಅರಿಕೆ ಏನೆಂದರೆ, ತಮ್ಮ ಕೈಪಿಡಿಯಲ್ಲಿ ಮುಂದಕ್ಕೆ ಆರು ಗೇರು, ಹಿಂದಕ್ಕೆ ಎರಡು ಎಂದು ಅಚ್ಚಾಗಿದ್ದರೂ ಅವುಗಳಲ್ಲಿ ತಮಗೆ ಒಪ್ಪಿಗೆಯಾದವು ಎಷ್ಟೆಂದು ನಾನೆಂದೂ ಕೇಳಿದವಳಲ್ಲ. ಎಂಜಿನ್ ಬಿಸಿಯಾಗಲು ಇಪ್ಪತ್ತು ಸೆಕೆಂಡು ಸಾಕೆಂದಿದ್ದರೂ ತಾವು ಮುಕ್ಕಾಲು ಗಂಟೆ ಮೈಮುರಿದಿರಿ; ಅರ್ಧ ಟನ್ ಎತ್ತಬೇಕಾದ ಹಿಂಬದಿಯ ಹೈಡ್ರಾಲಿಕ್ ತೋಳುಗಳಲ್ಲಿ ಮೂರು ವರ್ಷದಿಂದ ಒಂದು ಹೂಕುಂಡವನ್ನೂ ಎತ್ತಲಿಲ್ಲ. ಮನೆಯ ಹಿರಿಯರೆಂದು ಸುಮ್ಮನಿದ್ದೆ.

ಆದರೆ ನಿನ್ನೆ ಬೆಳಿಗ್ಗೆ ಡೇರಿಯವರು ತಮ್ಮನ್ನು ಕೊಳ್ಳಲು ಬಂದಾಗ, ನನ್ನ ನಾದಿನಿ "ಬಂಗಾರದಂಥ ಗಾಡಿ ಅಣ್ಣ, ಹೇಳಿದ ಮಾತು ಕೇಳುತ್ತೆ" ಎಂದು ಬಾಯಿ ಮುಚ್ಚುವಷ್ಟರಲ್ಲಿ, ಡೇರಿಯವರನ್ನು ಮಡ್‌ಗಾರ್ಡಿನ ಮೇಲೆ ಕೂರಿಸಿಕೊಂಡು ನಾನು ಮೊದಲ ಗೇರು ಹಾಕಿದರೆ, ತಾವು ಹಿಂದುಹಿಂದಕ್ಕೆ ಬೀದಿಗಿಳಿದಿರಿ. ಕ್ಲಚ್ ತುಳಿದೆ, ಕಿವಿಗೊಡಲಿಲ್ಲ. ಎಂಜಿನ್ ನಿಲ್ಲಿಸುವ ಗುಂಡಿ ಎಳೆದೆ, ತಂತಿ ಸಮೇತ ಕೈಗೆ ಬಂತು. ನಾದಿನಿ ಮಾತ್ರ ಪಕ್ಕದಲ್ಲೇ ಆರಾಮಾಗಿ ನಡೆಯುತ್ತಾ, ತಾವು ಎಷ್ಟು ಕಡಿಮೆ ಡೀಸೆಲ್ ಕುಡಿಯುತ್ತೀರೆಂದು ವರ್ಣಿಸುತ್ತಲೇ ಇದ್ದಳು.

ಅಂಗಡಿಯ ಮುಂದೆ ಬೆಂಚಿನ ಮೇಲೆ ಕೂತು ಅಂಗಿಗೆ ಗುಂಡಿ ಹೊಲಿಯುತ್ತಿದ್ದ ದರ್ಜಿಯವರ ಕೆಳಗೆ ತಮ್ಮ ತೋಳುಗಳು ಸಲೀಸಾಗಿ ನುಗ್ಗಿದವು. ದಿಕ್ಕುಗೆಟ್ಟ ನಾನು ಕೈಗೆ ಸಿಕ್ಕ ಹಿಡಿಕೆಯನ್ನು ಎಳೆದೆ. ಆಹಾ, ತಮ್ಮ ಶಕ್ತಿಯನ್ನು ಏನೆಂದು ಹೊಗಳಲಿ! ಬೆಂಚು ಸಮೇತ ಅವರನ್ನು ಎದೆಮಟ್ಟಕ್ಕೆ ಎತ್ತಿ ಹಿಡಿದು, ಒಮ್ಮೆ ಕೆಮ್ಮಿ, ಅಲ್ಲೇ ಉಸಿರು ನಿಲ್ಲಿಸಿದಿರಿ.

"ಅಕ್ಕ, ನಮ್ಮ ಎಮ್ಮೆಗಳಾದರೂ ಮುಂದಕ್ಕೆ ನಡೀತಾವೆ" ಎಂದು ಡೇರಿಯವರು ಇಳಿದು ಹೋದರು. ಆದರೆ ದರ್ಜಿಯವರು ಇಳಿಯಲೊಲ್ಲರು. "ಇಲ್ಲಿ ಬೆಳಕು ಚೆನ್ನಾಗಿದೆ, ನಲವತ್ತು ವರ್ಷದಲ್ಲಿ ಮೊದಲ ಸಲ ಗಿರಾಕಿಗಳು ನನ್ನನ್ನು ಕತ್ತೆತ್ತಿ ನೋಡ್ತಿದ್ದಾರೆ" ಎನ್ನುತ್ತಾರೆ. ಊಟಕ್ಕೆ ಏಣಿ ಹಾಕಿಸಿಕೊಂಡು ಇಳಿದು, ಬಾಯಿ ಒರೆಸಿಕೊಂಡು ಮತ್ತೆ ಹತ್ತುತ್ತಾರೆ.

ಆದ್ದರಿಂದ ತಾವು ದಯಮಾಡಿ ದರ್ಜಿಯವರ ಮನವೊಲಿಸಿ ಕೆಳಗಿಳಿಸಿ, ಡೇರಿಯವರ ಮನೆಗೆ ಸ್ವತಃ ಹೋಗಿ ಕ್ಷಮೆ ಕೇಳಿ, ಕತ್ತಲಾಗುವುದರೊಳಗೆ ಶೆಡ್ಡು ಸೇರಬೇಕಾಗಿ ಬೇಡಿಕೊಳ್ಳುತ್ತೇನೆ.

ಕಿತ್ತು ಬಂದ ಎಂಜಿನ್ ಗುಂಡಿಯನ್ನು ಇನ್ನೂ ಕೈಯಲ್ಲೇ ಹಿಡಿದಿರುವ,
ತಮ್ಮ ವಿಶ್ವಾಸಿ,
ಸಸಿತೋಟದ ಯಜಮಾನಿ

ಮರೆತ ಮಾತು: ತಮ್ಮನ್ನು ಕೊಳ್ಳಲು ಈಗಷ್ಟೇ ದರ್ಜಿಯವರ ಹೆಂಡತಿ ಬಂದಿದ್ದರು. ಮನೆ ಇಷ್ಟು ನೆಮ್ಮದಿಯಾಗಿ ಎಂದೂ ಇರಲಿಲ್ಲವಂತೆ. ಅವರದು ಒಂದೇ ಷರತ್ತು: ತಮ್ಮನ್ನು ಯಾರೂ ರಿಪೇರಿ ಮಾಡಬಾರದು.