ನಾಲ್ಕು ಊರಿನ ಸರ್ವರ್ ಕೋಣೆಗಳು

ಸರ್ವರ್ ಕೂಡಿಸುವ ಕೆಲಸದಲ್ಲಿ ನಗುವಂಥದ್ದು ಏನಿರುತ್ತದೆ ಎಂದು ಕೇಳುವವರಿದ್ದಾರೆ. ಯಂತ್ರ ಎಂದೂ ನಗಿಸುವುದಿಲ್ಲ, ನಿಜ. ಆದರೆ ಅದನ್ನು ನಮ್ಮ ಊರುಗಳಲ್ಲಿ ಲಾರಿಯಿಂದ ಇಳಿಸಿದ ಗಳಿಗೆಯಿಂದ ಒಂದಿಲ್ಲೊಂದು ನಡೆಯುತ್ತಲೇ ಇರುತ್ತದೆ.

ಸರ್ವರ್ ಎಂದರೆ ಒಂದು ಸಂಸ್ಥೆಯ ಕಾಗದಪತ್ರವನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು ನಿಲ್ಲದೆ ದುಡಿಯುವ ಕಂಪ್ಯೂಟರ್. ನೋಡಲು ಚಪ್ಪಟೆ ಟ್ರಂಕಿನ ಹಾಗೆ ಇರುತ್ತದೆ. ಇವನ್ನು ಒಂದರ ಮೇಲೊಂದು ಕೂಡಿಸುವ ಕಬ್ಬಿಣದ ಕಪಾಟಿಗೆ ರ‍್ಯಾಕ್ ಎನ್ನುತ್ತೇವೆ. ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವಳು. ಗಂಗಾವತಿಯ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಕಸ ಹೊಡೆಯುತ್ತಿದ್ದೆ. ಯಂತ್ರದ ಜೊತೆ ಬಂದು ಯಾರೂ ಬಿಚ್ಚಿ ನೋಡದೆ ಮೂಲೆಗೆ ಬೀಳುತ್ತಿದ್ದ ಪುಸ್ತಕಗಳನ್ನು ನಿಘಂಟು ಇಟ್ಟುಕೊಂಡು ಓದಿದೆ. ಹಾಗೆ ಕಷ್ಟಪಟ್ಟು ಓದಿದ್ದನ್ನು ಓದಿದಂತೆಯೇ ಮಾಡುವವಳು ನಾನು. ಹಟಮಾರಿ ಎಂದವರಿಗೆ ಹೌದು ಎಂದಿದ್ದೇನೆ.

ಬಹಳ ವರ್ಷ ಬೇರೆಯವರ ಕೈಕೆಳಗೆ ವೈರ್ ಎಳೆದು, ಸಣ್ಣದೊಂದು ಅಂಗಡಿ ಇಟ್ಟ ಮೇಲೆ, ನನ್ನ ಹೆಸರಿಗೇ ಮೊದಲ ದೊಡ್ಡ ಕೆಲಸ ಬಂತು. ಒಂದು ಸಹಕಾರ ಸಂಘಕ್ಕೆ ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಕೊಪ್ಪಳ ನಾಲ್ಕೂ ಕಡೆ ಸರ್ವರ್ ಕೋಣೆ ಮಾಡಿಕೊಡಬೇಕು. ಸಂಘದ ಅಧ್ಯಕ್ಷರು ಆದೇಶದ ಕಾಗದ ಕೈಗೆ ಕೊಡುವಾಗಲೇ ಹೇಳಿದರು.

"ನೋಡು ತಂಗಿ, ಕಡೀಕ ಬೆಂಗಳೂರಿಂದ ತಪಾಸಣಾ ಸಾಹೇಬ್ರು ಬರ್ತಾರ. ಒಂದು ತಪ್ಪು ಸಿಕ್ಕಿತಂದ್ರೂ ಮುಂದಿನ ಮೂರು ವರ್ಷದ ಉಸ್ತುವಾರಿ ಹುಬ್ಬಳ್ಳಿ ಕಂಪನಿಯವ್ರಿಗೆ. ಅಲ್ಲಿ ಗಂಡಸ್ರು ಅದಾರ."

"ಇಲ್ಲಿ ನಾ ಅದೀನಲ್ರಿ," ಎಂದೆ.

ಆ ಉಸ್ತುವಾರಿ ಸಿಕ್ಕರೆ ನನ್ನ ಅಂಗಡಿಯ ಬೋರ್ಡು ನಿಲ್ಲುತ್ತಿತ್ತು. ಇಲ್ಲದಿದ್ದರೆ ಮತ್ತೆ ಇನ್ನೊಬ್ಬರ ಹಿಂದೆ ಏಣಿ ಹೊತ್ತುಕೊಂಡು ತಿರುಗಬೇಕು.

೧. ಗಂಗಾವತಿ: ಮೂವತ್ತು ಕೇಜಿಯ ಅವಮಾನ

ಗಂಗಾವತಿಯಲ್ಲಿ ನಮ್ಮ ಲಾರಿ ನಿಂತದ್ದು ಅಕ್ಕಿ ಗಿರಣಿಯ ಎದುರಿಗೆ. ಸಾಮಾನು ಇಳಿಸಲು ಗಂಜಿನ, ಎಂದರೆ ಧಾನ್ಯದ ಮಾರುಕಟ್ಟೆಯ, ಹಮಾಲರು ಬಂದರು. ಒಂದೊಂದು ಸರ್ವರ್ ಮೂವತ್ತು ಕೇಜಿಗೆ ಸ್ವಲ್ಪ ಮೇಲೆ. ಎರಡೂ ತುದಿಗೆ ಇಬ್ಬರು ಹಿಡಿದು ಎತ್ತಬೇಕೆಂದು ಡಬ್ಬದ ಮೇಲೆಯೇ ಚಿತ್ರ ಬರೆದಿರುತ್ತಾರೆ. ಹಮಾಲರ ಹಿರಿಯ ಆ ಚಿತ್ರವನ್ನು ನೋಡಲೇ ಇಲ್ಲ. ಅಕ್ಕಿ ಚೀಲಕ್ಕೆ ಹಾಕುವ ಕಬ್ಬಿಣದ ಕೊಕ್ಕೆಯನ್ನು ಡಬ್ಬಕ್ಕೆ ಹಾಕಲು ಕೈ ಎತ್ತಿದ. ನಾನು ನಡುವೆ ಹೋಗಿ ನಿಂತೆ.

"ಕೊಕ್ಕಿ ತಗೀರಿ. ಇದನ್ನ ಇಬ್ರು ಹಿಡೀಬೇಕು."

"ಇಬ್ರಾ?" ಅವನು ಡಬ್ಬವನ್ನು ಒಂದೇ ಬೆರಳಿನಿಂದ ದೂಡಿ ನೋಡಿದ. "ಅಕ್ಕಾರ, ನಾ ಬೆನ್ನ ಮ್ಯಾಲೆ ತುಂಬಿದ ಚೀಲ ಇಟಗೊಂಡು ಬೀಡಿ ಹಚ್ಚೋ ಮನಷ್ಯಾ. ಇದಕ್ಕ ಇಬ್ರು ಕೈ ಹಾಕಿದ್ರ ನಾಳಿ ಗಂಜಿನ್ಯಾಗ ಮಾರಿ ಹೆಂಗ ತೋರಸ್ಲಿ?"

"ಪುಸ್ತಕದಾಗ ಬರದೈತಿ."

"ಪುಸ್ತಕ ಬರದಾಂವ ಯಾವತ್ತರ ಹಮಾಲಿ ಮಾಡ್ಯಾನೇನ್ರಿ?"

ನಾನು ಹಟಕ್ಕೆ ಬಿದ್ದೆ. ಲಾರಿಯ ಬಾಯಿಗೆ ಅಡ್ಡ ಕೂತೆ. ಅರ್ಧ ತಾಸು ನಾನೂ ಏಳಲಿಲ್ಲ, ಅವರೂ ಬಗ್ಗಲಿಲ್ಲ. ಕೊನೆಗೆ ಹಿರಿಯ ತನ್ನವರನ್ನು ಲಾರಿಯ ಹಿಂದಕ್ಕೆ ಕರೆದೊಯ್ದು ಗುಸುಗುಸು ಮಾತಾಡಿ ಬಂದ.

"ಆತ್ರಿ. ಎದುರಿನ ಗಿರಣಿ ಮಂದಿ ಊಟಕ್ಕ ಹೋಗ್ಲಿ."

ಗಿರಣಿಯ ಜನ ಊಟಕ್ಕೆ ಹೋದರು. ಒಬ್ಬ ಹಮಾಲ ಓಣಿಯ ತುದಿಯಲ್ಲಿ ಕಾವಲು ನಿಂತ. ಉಳಿದವರು ಇಬ್ಬಿಬ್ಬರಾಗಿ ಕಳ್ಳ ಮಾಲು ಸಾಗಿಸುವವರಂತೆ ಸರ್ವರುಗಳನ್ನು ಒಳಗೆ ತಂದಿಟ್ಟರು. ಅಷ್ಟು ಮೆತ್ತಗೆ ಇಳಿಸಿದವರನ್ನು ನಾನು ಇವತ್ತಿನವರೆಗೂ ಕಂಡಿಲ್ಲ. ಹೋಗುವಾಗ ಹಿರಿಯ ನನ್ನ ಕಿವಿಯ ಹತ್ತಿರ ಬಂದು ಹೇಳಿದ:

"ಅಕ್ಕಾರ, ಯಾರರ ಕೇಳಿದ್ರ ಒಂದೊಂದು ಇನ್ನೂರು ಕೇಜಿ ಇತ್ತು ಅನ್ರಿ."

"ನಾ ಸುಳ್ಳು ಹೇಳಂಗಿಲ್ಲಪಾ."

"ಹಂಗಾರ ಹೇಳಬ್ಯಾಡ್ರಿ. ಡಬ್ಬದ ಮ್ಯಾಲೆ ಬರೀರಿ. ಬರದಿದ್ದನ್ನ ನಂಬೋರು ನೀವ ಅದೀರಲ್ಲ."

೨. ಕುಷ್ಟಗಿ: ತಾಳಿಯ ವಿಚಾರಣೆ

ಕುಷ್ಟಗಿಯಲ್ಲಿ ಕರೆಂಟಿನ ಪೆಟ್ಟಿಗೆ ಜೋಡಿಸುವ ದಿನ. ಅದರೊಳಗೆ ಕೈ ಹಾಕುವ ಮೊದಲು ಮೈಮೇಲಿನ ಲೋಹವನ್ನೆಲ್ಲ ತೆಗೆದಿಡಬೇಕು. ಗಾಜಿನ ಬಳೆಯಲ್ಲಿ ಕರೆಂಟು ಹರಿಯುವುದಿಲ್ಲ, ಆದರೆ ಒಡೆದು ಚೂರು ಒಳಗೆ ಬಿದ್ದರೆ ಹುಡುಕುವವರು ಯಾರು? ಅದಕ್ಕೆ ತಾಳಿ, ಬಳೆ ಎರಡನ್ನೂ ತೆಗೆದು ಊಟದ ಡಬ್ಬಿಯಲ್ಲಿಟ್ಟೆ. ಕಚೇರಿಯ ಕಸ ಗುಡಿಸುವ ಆಯಾ ಅದನ್ನು ನೋಡಿ ಕಸಬರಿಗೆಯನ್ನು ಕೈಬಿಟ್ಟಳು.

"ಯವ್ವಾ! ತಾಳಿ ಯಾಕ ತಗದಿ?"

"ಕೆಲಸದ ನಿಯಮ ಆಯಾ."

"ಬಳಿನೂ ತಗದಿ! ಮನಿಯಾಗ ಗಂಡ ಅದಾನೋ ಇಲ್ಲೋ?"

"ಅದಾರ. ಗಂಗಾವತ್ಯಾಗ ಹಿಟ್ಟಿನ ಗಿರಣಿ ನಡಸ್ತಾರ."

"ಈಗ ಅದಾನಂತ ನಿನಗ ಹೆಂಗ ಗೊತ್ತು? ನೀ ನೋಡಿ ಬಂದಿದ್ದು ಮುಂಜಾನೆ."

ನನ್ನ ಸ್ಕ್ರೂಡ್ರೈವರನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಪೆಟ್ಟಿಗೆಯ ಮುಂದೆ ನಿಂತುಬಿಟ್ಟಳು. ನನಗಿಂತ ಹಟದವಳು ಸಿಕ್ಕಾಗ ನನಗೆ ಗೌರವ ಬರುತ್ತದೆ. ಯಜಮಾನರಿಗೆ ಫೋನು ಹಚ್ಚಿ ಸ್ಪೀಕರ್ ಹಾಕಿದೆ. ಗಿರಣಿಯ ಗಡಗಡ ಸದ್ದು ಬಂತು.

"ಯಪ್ಪಾ, ಆರಾಮ ಅದೀಯೇನೋ?" ಎಂದು ಆಯಾ ಕೂಗಿದಳು.

"ಅದೀನ್ರಿ. ಯಾರ್ರೀ?"

"ನಿನ್ನ ಹೇಂತಿ ತಾಳಿ ತಗದಿಟ್ಟಾಳೋ!"

ಗಿರಣಿಯ ಸದ್ದು ನಿಂತಿತು. ಆಯಾ ಫೋನಿಗೆ ಕಿವಿ ಹಚ್ಚಿದಳು. ನಾನೂ ಹಚ್ಚಿದೆ.

"ಎಲ್ಲಿಟ್ಟಾಳ್ರಿ?"

"ಊಟದ ಡಬ್ಬ್ಯಾಗ!"

"ಡಬ್ಬಿ ತೊಳ್ಯಾಕ ಹಾಕೂ ಮುಂದ ನೆನಪು ಮಾಡ್ರಿ ಆಕಿಗೆ. ಹೋದ ಸಲ ಬ್ಯಾಳಿ ಸಾರಿನ್ಯಾಗ ಸಿಕ್ಕಿತ್ತು," ಎಂದು ಯಜಮಾನರು ಮತ್ತೆ ಗಿರಣಿ ಚಾಲೂ ಮಾಡಿದರು.

೩. ಮತ್ತೆ ಕುಷ್ಟಗಿ: ಬಿಸಿ ಗಾಳಿ, ತಣ್ಣನೆ ಗಾಳಿ

ರ‍್ಯಾಕಿನ ಮುಂದಿನಿಂದ ಎ.ಸಿ.ಯ ತಣ್ಣನೆ ಗಾಳಿ ಒಳಗೆ ಹೋಗಿ, ಹಿಂದಿನಿಂದ ಬಿಸಿಯಾಗಿ ಹೊರಬರಬೇಕು. ಈ ದಾರಿಗೆ ಏನೂ ಅಡ್ಡ ಇರಬಾರದು. ಹದಿನೈದು ದಿನದ ಮೇಲೆ ಕುಷ್ಟಗಿಯ ಸರ್ವರ್ ಬಿಸಿಯಾಗುತ್ತಿದೆ ಎಂದು ನನ್ನ ಫೋನಿಗೆ ಸೂಚನೆ ಬರತೊಡಗಿತು. ತಪಾಸಣೆ ಹತ್ತಿರ ಬಂದಿತ್ತು. ಮೊದಲ ಬಸ್ಸು ಹಿಡಿದು ಹೋದೆ.

ಆ ವಾರ ಮೋಡ ಕವಿದು ಬಿಸಿಲೇ ಇರಲಿಲ್ಲ. ರ‍್ಯಾಕಿನ ಹಿಂದೆ ಎರಡು ಕುರ್ಚಿ, ಕುರ್ಚಿಗೆ ಕಟ್ಟಿದ ಹಳೇ ಸೀರೆ, ಸೀರೆಯ ತುಂಬ ಸಂಡಿಗೆ. ಪಕ್ಕದಲ್ಲಿ ಅದೇ ಆಯಾ.

"ಬಿಸಿ ಗಾಳಿ ಸುಮ್ನ ಹಾಳಾಗಿ ಹೊಂಟಿತ್ತವಾ," ಎಂದಳು.

"ನಿನ್ನ ಸಂಡಿಗಿ ಒಣಗಾಕ ಹೋಗಿ ನನ್ನ ಸರ್ವರ್ ಸುಡಾಕ ಹತ್ತೈತಿ!"

ಆಯಾಗೆ ಸಿಟ್ಟು ಬಂತು. "ನನಗಷ್ಟ ಬೈತಿ. ಮುಂದಿನ ಬಾಗಲಾ ತಗದು ನೋಡು. ಮ್ಯಾನೇಜರ್ ಸಾಹೇಬ್ರು ತಣ್ಣನ ಗಾಳಿಗೆ ಮಸರು ಇಟ್ಟಾರ. ಅವ್ರಿಗೆ ಯಾರರ ಏನರ ಅಂದಾರೇನು?"

ತೆರೆದು ನೋಡಿದೆ. ಕೆಳಗಿನ ಖಾಲಿ ಹಲಗೆಯ ಮೇಲೆ ಗಟ್ಟಿ ಮೊಸರಿನ ಸ್ಟೀಲ್ ಡಬ್ಬಿ. ಎರಡನ್ನೂ ಜಪ್ತಿ ಮಾಡಿದೆ. ಸಂಡಿಗೆ ಕರಿಸಿ, ಮೊಸರನ್ನಕ್ಕೆ ನಂಜಿಕೊಂಡು, ಮ್ಯಾನೇಜರು, ಆಯಾ, ನಾನು ಮೂವರೂ ಕೂತು ಸಾಕ್ಷಿಯೊಂದೂ ಉಳಿಯದಂತೆ ಮುಗಿಸಿದೆವು.

೪. ಯಲಬುರ್ಗಾ: ನೀರು ಹಾಕುವವರು

ಸರ್ವರಿಗೆ ಅರ್ಥಿಂಗ್ ಬೇಕು. ನೆಲದಲ್ಲಿ ಆಳವಾಗಿ ಗುಂಡಿ ತೋಡಿ, ತಾಮ್ರದ ತಗಡು ಹೂತು, ಇದ್ದಿಲು ಮತ್ತು ಉಪ್ಪು ತುಂಬಿ, ಮೇಲೆ ಸಣ್ಣ ಕಟ್ಟೆ ಕಟ್ಟುತ್ತೇವೆ. ಹೆಚ್ಚುವರಿ ಕರೆಂಟು ಈ ದಾರಿಯಿಂದ ಭೂಮಿಗೆ ಇಳಿಯುತ್ತದೆ. ಗುಂಡಿ ಒಣಗಬಾರದು, ದಿನಾ ನೀರು ಬೀಳುತ್ತಿರಬೇಕು. ಯಲಬುರ್ಗಾ ಕಚೇರಿಯ ಸಿಪಾಯಿಗೆ ಇದನ್ನು ಮೂರು ಸಲ ಹೇಳಿದೆ. ಮೂರು ಸಲವೂ "ಆತ್ರಿ" ಅಂದ. ಮೂರು ಸಲವೂ ಹೋಗಿ ನೋಡಿದರೆ ಗುಂಡಿ ಒಣ ಒಣ. ಮಾಪಕದಲ್ಲಿ ಇಳಿಯಬೇಕಾದ ಅಂಕಿ ಏರಿ ಕೂತಿತ್ತು. ತಪಾಸಣೆಗೆ ಇದೊಂದೇ ಸಾಕು, ನನ್ನ ಮೂರು ವರ್ಷ ಹೋದಂತೆ ಎಂದುಕೊಂಡೆ.

ಮುಂದಿನ ವಾರ ಹೋದರೆ ಅಂಕಿ ಪಾತಾಳಕ್ಕೆ ಇಳಿದಿದೆ! ನಾಲ್ಕೂ ಊರಲ್ಲಿ ಇಷ್ಟು ಒಳ್ಳೆಯ ಅರ್ಥಿಂಗ್ ಇಲ್ಲ. ಸಿಪಾಯಿಯನ್ನು ಹೊಗಳೋಣವೆಂದು ಹಿತ್ತಲಿಗೆ ಹೋದೆ. ಕಟ್ಟೆಗೆ ಅರಿಷಿಣ, ಕುಂಕುಮ, ಒಂದು ಮಾಲೆ. ಕೈಯಲ್ಲಿ ತಂಬಿಗೆ ಹಿಡಿದ ಐದಾರು ಹೆಣ್ಣುಮಕ್ಕಳು ಸಾಲಿನಲ್ಲಿ ನಿಂತಿದ್ದರು.

"ಇದೇನ್ರಿ ಇದು?" ಎಂದು ಒಬ್ಬಾಕೆಯನ್ನು ಕೇಳಿದೆ.

"ನಿಮಗ ಗೊತ್ತಿಲ್ಲೇನ್ರಿ? ಕಂಪ್ಯೂಟರ್ ಕಾಯೋ ಅಮ್ಮ. ತಾಮ್ರದ ಮೂರ್ತಿ ಒಳಗೈತಿ. ಸಿಪಾಯಿಯವ್ರ ಕಣ್ಣ ಮುಂದ ಹೂತಾರಂತ."

ಸಿಪಾಯಿ ಗೋಡೆಯ ಹತ್ತಿರ ನೆರಳಿನಲ್ಲಿ ಕೂತು ನಗುತ್ತಿದ್ದ. "ಏನೋ ಇದು?" ಎಂದು ಗದರಿದೆ.

"ನೀವ ಹೇಳಿದ್ರಲ್ರಿ, ದಿನಾ ನೀರು ಬೀಳಬೇಕಂತ. ನಾನ ಹಾಕಬೇಕಂತೇನು ಹೇಳಿರಲಿಲ್ಲ."

ಆ ಹೆಣ್ಣುಮಕ್ಕಳಿಗೆ ಕೂತು ನಿಜ ಹೇಳಿದೆ. ಇದು ದೇವಿಯಲ್ಲ, ತಗಡು. ಕರೆಂಟು ಇಳಿಯುವ ಜಾಗ, ಮುಟ್ಟಬಾರದು ಎಂದೆ. ಎಲ್ಲರೂ ಸಮಾಧಾನದಿಂದ ಕೇಳಿದರು. ಆಮೇಲೆ ಅವರಲ್ಲೇ ಹಿರಿಯಳು ಉಳಿದವರಿಗೆ ಹೇಳಿದಳು: "ಕೇಳಿದ್ರಿಲ್ಲೋ? ಮುಟ್ಟಿದ್ರ ಶಿಕ್ಷಾ ಕೊಡ್ತಾಳಂತ. ದೂರದಿಂದ ನೀರು ಹಾಕ್ರಿ."

೫. ಕೊಪ್ಪಳ: ಹೊಗೆ ಪರೀಕ್ಷೆ

ಕೊಪ್ಪಳದ್ದು ಮುಖ್ಯ ಕೋಣೆ. ಸರ್ವರಿಗೆ ಬೆಂಕಿ ಹತ್ತಿದರೆ ನೀರು ಹಾಕುವಂತಿಲ್ಲ. ಅದಕ್ಕಾಗಿ ಚಾವಣಿಯಲ್ಲಿ ಹೊಗೆ ಮೂಸುವ ಯಂತ್ರ ಕೂಡಿಸಿದ್ದೆ. ಹೊಗೆ ಕಂಡರೆ ಗಂಟೆ ಹೊಡೆಯುತ್ತದೆ. ಮೂವತ್ತು ಸೆಕೆಂಡಿನೊಳಗೆ ಜನ ಹೊರಗೆ ಹೋಗಬೇಕು. ಆಮೇಲೆ ಸಿಲಿಂಡರಿನಿಂದ ಬೆಂಕಿ ಆರಿಸುವ ಅನಿಲ ಭುಸ್ಸೆಂದು ಕೋಣೆ ತುಂಬುತ್ತದೆ. ಗಂಟೆ ಸುಳ್ಳಾಗಿದ್ದರೆ ಬಾಗಿಲ ಪಕ್ಕದ ತಡೆಗುಂಡಿ ಎಂಬ ಬಟನ್ ಒತ್ತಿ ಹಿಡಿದು ಅನಿಲವನ್ನು ನಿಲ್ಲಿಸಬಹುದು. ಅದು ಸುಮ್ಮನೆ ಹೊರಬಿದ್ದರೆ ಸಿಲಿಂಡರು ಖಾಲಿ, ತಪಾಸಣೆ ನಪಾಸು.

ತಪಾಸಣೆ ಮತ್ತು ಉದ್ಘಾಟನೆ ಒಂದೇ ದಿನ ಬಿದ್ದವು. ಬೆಂಗಳೂರಿನ ಸಾಹೇಬರದು ಮಾತು ಕಡಿಮೆ. ಪ್ರತಿ ಸರ್ವರಿಗೂ ಎರಡು ಕರೆಂಟ್ ದಾರಿ ಇರುತ್ತದೆ. ಅವರು ಒಂದೊಂದನ್ನೇ ಕಿತ್ತು ನೋಡಿದರು. ಯಾವ ಸರ್ವರೂ ನಿಲ್ಲಲಿಲ್ಲ. "ಹೂಂ," ಎಂದರು. ಸ್ಕ್ರೂ, ವೈರಿನ ಚೀಟಿ ಎಲ್ಲ ನೋಡಿ ಮತ್ತೆ "ಹೂಂ". ಹೊಗೆ ಯಂತ್ರವನ್ನು ತಾವೇ ಚಾಲೂ ಸ್ಥಿತಿಗೆ ತಿರುಗಿಸಿ ಕೀಲಿ ಜೇಬಿಗಿಟ್ಟುಕೊಂಡರು. "ಹೊಗೆ ಪರೀಕ್ಷೆ ಊಟ ಆದ್ಮೇಲೆ ಮಾಡೋಣ."

ಅಷ್ಟರಲ್ಲಿ ಅಧ್ಯಕ್ಷರು ಹತ್ತು ಮಂದಿ ನಿರ್ದೇಶಕರನ್ನು ಕಟ್ಟಿಕೊಂಡು ಬಂದರು. ತೆಂಗಿನಕಾಯಿ, ಹೂವು, ತಟ್ಟೆ ತುಂಬ ಕರ್ಪೂರ.

"ಎಲ್ಲಾ ಹೊರಗ ಮಾಡ್ರಿ. ಒಳಗ ಕರ್ಪೂರ ಬ್ಯಾಡ," ಎಂದು ಬಾಗಿಲಿಗೆ ಅಡ್ಡ ನಿಂತೆ.

"ಆರತಿ ಬೆಳಗದ ಕೋಣಿ ಚಾಲೂ ಮಾಡಿದ್ರ ಮಂದಿ ಏನಂದಾರು?"

"ಮಂದಿ ಏನಂತಾರೋ ಗೊತ್ತಿಲ್ರಿ. ಗಂಟಿ ಮಾತ್ರ ಹೊಡ್ಕೋತೈತಿ."

"ಆತು ತಂಗಿ, ನೀ ಹೇಳಿದಂಗ," ಎಂದರು. ಅಷ್ಟು ಬೇಗ ಒಪ್ಪಿದಾಗಲೇ ನಾನು ಹುಷಾರಾಗಬೇಕಿತ್ತು.

ಕಾಯಿ ಹೊರಗೇ ಒಡೆದರು. ಚಪ್ಪಲಿ ಬಿಟ್ಟು ಎಲ್ಲರೂ ಒಳಗೆ ಬಂದರು. ನಾನು ಬಾಗಿಲ ಬಳಿ ಸಾಹೇಬರಿಗೆ ಏನೋ ವಿವರಿಸುತ್ತಿದ್ದೆ. ಮೂಗಿಗೆ ವಾಸನೆ ಬಂತು. ತಿರುಗಿ ನೋಡುವಷ್ಟರಲ್ಲಿ ಅಧ್ಯಕ್ಷರು ಶಾಲಿನೊಳಗಿಂದ ತಟ್ಟೆ ತೆಗೆದು, ಕಡ್ಡಿ ಗೀರಿ ಹಚ್ಚಿ, ಕಣ್ಣು ಮುಚ್ಚಿ, ಧಗಧಗ ಉರಿಯುವ ಕರ್ಪೂರವನ್ನು ಸರ್ವರಿಗೆ ಬೆಳಗುತ್ತಿದ್ದಾರೆ. ಕಪ್ಪು ಹೊಗೆ ನೆಟ್ಟಗೆ ಚಾವಣಿಗೆ ಏರಿತು.

ಗಂಟೆ ಹೊಡೆಯಿತು. ಕೆಂಪು ದೀಪ ತಿರುಗಿತು. ನಿರ್ದೇಶಕರು ಒಬ್ಬರ ಮೇಲೊಬ್ಬರು ಬಿದ್ದು ಓಡಿದರು. ನಾನು ಹಾರಿ ತಡೆಗುಂಡಿಯನ್ನು ಎರಡೂ ಕೈಯಿಂದ ಒತ್ತಿ ಹಿಡಿದೆ.

"ಸಾಹೇಬ್ರ, ಕೀಲಿ! ಕೀಲಿ ಹೊಳ್ಳಸ್ರಿ!"

ಸಾಹೇಬರು ಗಡಿಯಾರ ನೋಡುತ್ತ ನಿಂತಿದ್ದರು. ಎಲ್ಲರೂ ಹೊರಬಿದ್ದದ್ದನ್ನು ಎಣಿಸಿ, ಹೊಗೆ ತಿಳಿಯಾಗುವವರೆಗೆ ಕಾದು, ಆಮೇಲೆ ಸಾವಕಾಶ ಕೀಲಿ ತಿರುಗಿಸಿದರು. ಗಂಟೆ ನಿಂತಿತು. ಅನಿಲ ಹೊರಬೀಳಲಿಲ್ಲ, ಸರ್ವರ್ ಒಂದೂ ನಿಲ್ಲಲಿಲ್ಲ. ನಾನು ಹೊರಗೆ ಬಂದು ಅಂಗಳದ ಕಟ್ಟೆಯ ಮೇಲೆ ಕೂತೆ. ಹುಬ್ಬಳ್ಳಿಯವರು ಗಾಡಿ ಹತ್ತಿದಂತೆಯೇ ಕಂಡಿತು.

ಸಾಹೇಬರು ಅಂಗಳಕ್ಕೆ ಬಂದು ಗಟ್ಟಿಯಾಗಿ ಓದುತ್ತ ಬರೆದುಕೊಂಡರು: "ಹೊಗೆ ಗುರುತಿಸುವಿಕೆ, ಸರಿ ಇದೆ. ಗಂಟೆ, ಸರಿ ಇದೆ. ತಡೆಗುಂಡಿ, ಸರಿ ಇದೆ. ಜನ ಹೊರಗೆ ಬರಲು ಹಿಡಿದ ಸಮಯ, ಹನ್ನೊಂದು ಸೆಕೆಂಡು." ಪೆನ್ನು ಎತ್ತಿ ಸುತ್ತ ನೋಡಿದರು. "ಪರೀಕ್ಷೆ ನಡೆಸಿದವರು ಯಾರು?"

ಎಲ್ಲರೂ ಬೇವಿನ ಗಿಡದ ಕಡೆ ನೋಡಿದರು. ಅಧ್ಯಕ್ಷರು ಬರಿಗಾಲಲ್ಲಿ, ಕೈಯಲ್ಲಿ ಕಪ್ಪಾದ ತಟ್ಟೆ ಹಿಡಿದು ನಿಂತಿದ್ದರು. ಅವರು ನನ್ನ ಮುಖ ನೋಡಿದರು. ನಾನು ಎದ್ದು ಸೆರಗು ಸರಿಮಾಡಿಕೊಂಡೆ.

"ಅಧ್ಯಕ್ಷರ ನಡಸ್ಯಾರ್ರಿ," ಎಂದೆ.

ಅವರು ಕೂಡಲೇ ಶಾಲು ಹೊದ್ದು ಮುಂದೆ ಬಂದರು. "ಹೌದ್ರಿ. ಮುದ್ದಾಮ ಮಾಡಿದ್ನಿ. ಈಕಿ ಕೆಲಸ ಹೆಂಗೈತಿ ಅಂತ ಖುದ್ದ ನೋಡಬೇಕಾಗಿತ್ತು."

"ಹೇಗಿದೆ?" ಎಂದರು ಸಾಹೇಬರು.

ಹತ್ತು ನಿರ್ದೇಶಕರ ಮುಂದೆ ಬೇರೇನು ಹೇಳಲು ಬರುತ್ತದೆ? "ಛಲೋ ಐತ್ರಿ. ಭಾಳ ಛಲೋ ಐತಿ," ಎಂದರು. ಮೂರು ವರ್ಷದ ಉಸ್ತುವಾರಿಯ ಕಾಗದಕ್ಕೆ ಅಲ್ಲೇ, ಕಟ್ಟೆಯ ಮೇಲೆ ಇಟ್ಟು ಸಹಿ ಮಾಡಿದರು.

ನಾನು ಕಾಗದ ಮಡಚುತ್ತಿದ್ದೆ. ಅಧ್ಯಕ್ಷರು ಸಾಹೇಬರ ವರದಿಯನ್ನು ಇಸಿದುಕೊಂಡು ಮೇಲಿಂದ ಕೆಳಗಿನವರೆಗೆ ಓದಿದರು. ಒಂದು ಕಡೆ ಬೆರಳಿಟ್ಟು ಮುಖ ಗಂಟು ಹಾಕಿದರು.

"ಇದು ತಪ್ಪೈತ್ರಿ, ಸಾಹೇಬ್ರ. ಹನ್ನೊಂದು ಅಂದ್ರ ಅದು ಕಟ್ಟಕಡೀಕ ಬಂದಾಂವಂದು. ನಂದು ಬ್ಯಾರೆ ಬರೀರಿ. ನಾ ನಾಕ ಸೆಕೆಂಡಿನ್ಯಾಗ ಹೊರಗಿದ್ನಿ!"