ಹರಿಯಬ್ಬೆಯ ಆಕಾಶದಲ್ಲಿ ಎರಡು ವಿಮಾನ

ನಮ್ಮ ಸೋದರಮಾವ ಎಮ್ಮೆಗೆ ಗುದ್ದಿದ ಮನುಷ್ಯ. ಗಮನಿಸಿ, ಎಮ್ಮೆ ಅವರಿಗೆ ಗುದ್ದಿದ್ದಲ್ಲ! ಅದು ಪಾಪ, ಹೊಳಲ್ಕೆರೆಯ ಪೇಟೆ ಬೀದಿಯಲ್ಲಿ ತನ್ನ ಪಾಡಿಗೆ ತಾನು ಮೆಲುಕು ಹಾಕುತ್ತಾ ನಿಂತಿತ್ತು. ಮೇಲೆ ತಿರುಗುತ್ತಿದ್ದ ಹದ್ದು ರೆಕ್ಕೆ ಬಡಿಯದೆ ಅದು ಹೇಗೆ ವಾಲುತ್ತದೆ ಎಂದು ನೋಡುತ್ತಾ ಬಂದ ಮಾವ ನೇರವಾಗಿ ಹೋಗಿ ಅದರ ಪಕ್ಕೆಗೆ ಹಣೆ ಹಚ್ಚಿದರು. ಆಮೇಲೆ ಕನ್ನಡಕ ಸರಿಮಾಡಿಕೊಂಡು, "ತಪ್ಪಾಯ್ತು ಕಣ್ರೀ" ಎಂದು ಎಮ್ಮೆಯ ಕ್ಷಮೆ ಕೇಳಿದರಂತೆ.

ಎಪ್ಪತ್ತರ ದಶಕದ ಮಾತು. ನನಗೆ ಹೊಳಲ್ಕೆರೆಯ ಶಾಲೆಯಲ್ಲಿ ಹೊಸದಾಗಿ ಟೀಚರಮ್ಮನ ಕೆಲಸ ಸಿಕ್ಕಿತ್ತು. ಮಾವನ ಮನೆಯಲ್ಲೇ ಉಳಿದುಕೊಂಡಿದ್ದೆ. ಮಾವನದು ರೇಡಿಯೋ ರಿಪೇರಿ ಅಂಗಡಿ. ಅಲ್ಲಿಗೆ ಬಂದ ರೇಡಿಯೋಗಳು ಬಿಚ್ಚಿಕೊಳ್ಳುವಷ್ಟು ಬೇಗ ಮುಚ್ಚಿಕೊಳ್ಳುತ್ತಿರಲಿಲ್ಲ. ಯಾಕೆಂದರೆ ಮಾವ ಹಿಂದಿನ ಕೋಣೆಯಲ್ಲಿ ವಿಮಾನ ಕಟ್ಟುತ್ತಿದ್ದರು! ಬಿದಿರಿನ ಸೀಳು, ಬೆಂಡು, ಗಾಳಿಪಟದ ಕಾಗದ, ಮೈದಾ ಅಂಟು. ಮದ್ರಾಸಿನಿಂದ ತರಿಸಿದ, ನಿಂಬೆಹಣ್ಣಿನ ಗಾತ್ರದ ಒಂದು ಎಂಜಿನ್. ರೆಕ್ಕೆ ಮಾತ್ರ ನಾನು ಎರಡು ಕೈ ಚಾಚಿದರೂ ಮುಗಿಯದಷ್ಟು ಉದ್ದ. ನೆಲದ ಮೇಲೆ ನಿಂತು, ಕೈಯಲ್ಲಿನ ಪೆಟ್ಟಿಗೆಯ ಗುಂಡಿ ಒತ್ತಿದರೆ, ಆಕಾಶದಲ್ಲಿರುವ ವಿಮಾನ ತಿರುಗಬೇಕು. ತಂತಿ ಇಲ್ಲ, ದಾರ ಇಲ್ಲ!

ಆ ಎಂಜಿನ್ನಿಗೆ ಸೀಮೆಎಣ್ಣೆಯ ಜೊತೆ ಹರಳೆಣ್ಣೆಯನ್ನೂ ಬೆರೆಸಿ ಕುಡಿಸಬೇಕಿತ್ತು. ಅತ್ತೆ ತಲೆಗೆಂದು ಇಟ್ಟುಕೊಂಡಿದ್ದ ಹರಳೆಣ್ಣೆ ವಾರ ವಾರವೂ ಮಾಯವಾಗತೊಡಗಿತು. ಒಂದು ದಿನ ಅತ್ತೆ ಖಾಲಿ ಬಾಟಲಿ ಹಿಡಿದುಕೊಂಡು ಕೋಣೆಯ ಬಾಗಿಲಲ್ಲಿ ನಿಂತರು.

"ಏನ್ರಿ, ನಿಮ್ಮ ಇಮಾನಕ್ಕೂ ಹೊಟ್ಟೆ ಕಟ್ಟೈತೇನು?"

"ಇಲ್ಲ ಕಣೇ, ಅದ್ಕೆ ಕೀಲು ಸಡ್ಲ ಆಗ್ಬೇಕು."

"ನಿಮ್ಮ ತಲೆ ಕೀಲೇ ಸಡ್ಲ ಆಗೈತೆ, ಅದ್ಕೇನು ಹಾಕಾಣ ಹೇಳ್ರಿ!"

ಮೊದಲ ಹಾರಾಟ ಊರಾಚೆಯ ಬಯಲಿನಲ್ಲಿ ನಡೆಯಿತು. ವಿಮಾನ ಏನೋ ಏರಿತು. ಆದರೆ ಬಲಕ್ಕೆ ತಿರುಗು ಎಂದರೆ ಎಡಕ್ಕೆ ತಿರುಗಿ, ಕುರಿಮಂದೆಯ ಮೇಲೆ ಜೇನುಹುಳದಂತೆ ಗುಂಯ್‌ಗುಟ್ಟುತ್ತಾ ಹೋಯಿತು. ಕುರಿಗಳು ದಿಕ್ಕಿಗೊಂದು! "ಏನಪ್ಪ, ನಿನ್ನ ಹದ್ದಿಗೆ ಹುಚ್ಚು ಹಿಡದೈತೇನು?" ಎಂದು ಕುರುಬರ ಅಜ್ಜ ಕೋಲೆತ್ತಿಕೊಂಡು ಬಂದ. ಮಾವ ಹೇಗೋ ಇಳಿಸಿದ ವಿಮಾನವನ್ನು ನನ್ನ ಕೈಗೆ ಕೊಟ್ಟು, ಪಂಚೆ ಎತ್ತಿ ಕಟ್ಟಿ, ಮಧ್ಯಾಹ್ನವೆಲ್ಲಾ ಓಡಾಡಿ ಕುರಿ ಕೂಡಿಸಿಕೊಟ್ಟರು. ಎಷ್ಟು ಶ್ರದ್ಧೆಯಿಂದ ಎಂದರೆ, ಕೊನೆಗೆ ಅಜ್ಜನೇ ತಲೆ ಕೆರೆದುಕೊಂಡು, "ಸಾಕು ಬಿಡಪ್ಪ, ಇದ್ರಾಗೆ ಎರಡು ನನ್ನವಲ್ಲ" ಎಂದ.

ಇಂಥ ಅವಮಾನಗಳಿಂದ ಮಾವ ಕುಗ್ಗುವವರೇ? ಕುರಿಯಿಲ್ಲದ, ಮರ ಕಡಿಮೆಯಿರುವ ಬಯಲು ಬೇಕೆಂದು ಯೋಚಿಸಿ ಯೋಚಿಸಿ, ಹಿರಿಯೂರು ತಾಲೂಕಿನ ಹರಿಯಬ್ಬೆಯನ್ನು ಆರಿಸಿದರು. ಅದು ಅತ್ತೆಯ ತವರೂರು. ಮದುವೆಯಾದ ಮೇಲೆ ಮಾವ ತಾವಾಗಿಯೇ "ನಿಮ್ಮೂರಿಗೆ ಹೋಗಾಣ" ಎಂದದ್ದು ಅದೇ ಮೊದಲು. ಅತ್ತೆಗೆ ಖುಷಿಯೋ ಖುಷಿ. ಬಸ್ಸಿನ ಮೇಲೆ ಹಾಸಿಗೆ ಸುತ್ತಿದ ವಿಮಾನವನ್ನು ಕಂಡಾಗ ಖುಷಿ ಇಳಿಯಿತು.

ಆ ವರ್ಷ ಹರಿಯಬ್ಬೆಯ ಕಡೆ ಶೇಂಗಾ ಬೆಳೆಗೆ ಹುಳ ಬಿದ್ದು, ಔಷಧಿ ಸಿಂಪಡಿಸಲು ನಿಜವಾದ ಸಣ್ಣ ವಿಮಾನವೊಂದು ಬಂದಿತ್ತು. ಒಬ್ಬನೇ ಕೂರುವಂಥದ್ದು. ಹೊಲದ ಮೇಲೆ ತಲೆಗೆ ತಾಗುವಂತೆ ಹಾರಿ, ಬಿಳಿ ಹೊಗೆಯಂತೆ ಔಷಧಿ ಬಿಟ್ಟು ಹೋಗುತ್ತಿತ್ತು. ನಾವು ಹೋದ ದಿನ ಅತ್ತೆಯ ಅಣ್ಣ, "ನಮ್ಮ ಕಡೀದು ನಿನ್ನೇನೇ ಮುಗೀತು, ನೀವು ಹಾರಿಸ್ಕಳ್ರಿ" ಎಂದು ಧೈರ್ಯ ಹೇಳಿದರು.

ಮರುದಿನ ಬೆಳಿಗ್ಗೆ ಮಾವನ ವಿಮಾನ ಏರಿತು. ಆಹಾ, ಅವತ್ತು ಅದು ಹಾರಿದ ಚೆಂದವೇ! ಹೇಳಿದ ಕಡೆ ತಿರುಗಿತು, ಬಿಸಿಲಿಗೆ ಕೆಂಪು ಕಾಗದದ ರೆಕ್ಕೆ ಮಿಂಚಿತು. ಮಾವನ ಕಣ್ಣು ಅದರ ಮೇಲೇ ನೆಟ್ಟಿತ್ತು. ಅದರ ಎಂಜಿನ್ನಿನ ಕಿರುಚಾಟದಲ್ಲಿ ಇನ್ನೊಂದು ಸದ್ದು ನಮಗ್ಯಾರಿಗೂ ಕೇಳಿಸಲಿಲ್ಲ. ಜಾಲಿಮರಗಳ ಸಾಲಿನ ಹಿಂದಿನಿಂದ ಔಷಧಿ ವಿಮಾನ ಸಟ್ಟನೆ ಮೇಲೆದ್ದಿತು. ಎಲ್ಲೋ ಬಿಟ್ಟುಹೋಗಿದ್ದ ಹೊಲದ ಪಟ್ಟಿಯೊಂದನ್ನು ಮುಗಿಸಲು ಬಂದಿತ್ತಂತೆ. ಅದು ನೇರವಾಗಿ ಮಾವನ ವಿಮಾನದತ್ತ ಬರುತ್ತಿತ್ತು.

"ಏನ್ರೀ! ಮ್ಯಾಲೆ ನೋಡ್ರೀ!" ಅತ್ತೆ ಕಿರುಚಿದರು.

ಮಾವ ಒಮ್ಮೆ ನೋಡಿದರು. ಆಮೇಲೆ ಗುಂಡಿಯನ್ನು ಒತ್ತಿದವರು ಬಿಡಲೇ ಇಲ್ಲ. ಹಾಗೆ ಒತ್ತಿ ಹಿಡಿದರೆ ಏನಾಗುತ್ತದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಕೆಂಪು ವಿಮಾನ ಒಂದು ಸುತ್ತು ಸುತ್ತಿತು, ಎರಡು ಸುತ್ತಿತು, ಮೂಗು ಕೆಳಗೆ ಮಾಡಿ ಶೇಂಗಾ ಹೊಲಕ್ಕೆ ಅಪ್ಪಳಿಸಿತು. ಅದು ಬಿಟ್ಟ ಜಾಗದಲ್ಲೇ ದೊಡ್ಡ ವಿಮಾನ ಹಾದು ಹೋಯಿತು. ಒಳಗೆ ಕೂತವನ ತಲೆ ಕೂಡ ನನಗೆ ಕಂಡಿತು. ಅವನು ಈ ಕಡೆ ತಿರುಗಿಯೂ ನೋಡಲಿಲ್ಲ.

ಮಾವ ಪೆಟ್ಟಿಗೆಯನ್ನು ನೆಲಕ್ಕಿಟ್ಟರು. ಮುರಿದ ವಿಮಾನದ ಕಡೆ ಹೋಗಲಿಲ್ಲ.

"ನಡಿಯಮ್ಮ, ಆ ಪೈಲಟ್ಟಿಗೆ ಹೇಳಿ ಬರಾಣ."

"ಯಾರೂ ನೋಡಿಲ್ಲ ಮಾವ. ಸುಮ್ಮನೆ ಯಾಕೆ ಮೈಮೇಲೆ ಎಳೆದುಕೊಳ್ಳೋದು?"

"ನಾನು ನೋಡಿದ್ನಲ್ಲ" ಎಂದು ಹೆಜ್ಜೆ ಹಾಕಿದರು.

ಮೈಲಿಯಾಚೆ, ಸಮ ಮಾಡಿದ ಬಯಲಲ್ಲಿ ವಿಮಾನ ಇಳಿದಿತ್ತು. ಪೈಲಟ್ ಬೆಂಗಳೂರು ಕಡೆಯ ಹುಡುಗ. ಮೀಸೆ ಈಗಷ್ಟೇ ದಟ್ಟವಾಗುತ್ತಿತ್ತು. ಮಾವ ಕೈಮುಗಿದು ಎಲ್ಲವನ್ನೂ ಹೇಳಿದರು. ಅವನು ಮೊದಲು ನಕ್ಕ. ಆಮೇಲೆ ಎಂಜಿನ್ನಿನ ಮಾತು ಬಂದಾಗ ಅವನ ಮುಖ ಬಿಳುಪೇರಿತು. ಅಲ್ಲೇ ಔಷಧಿ ಡ್ರಮ್ಮಿನ ಮೇಲೆ ಕುಳಿತುಬಿಟ್ಟ.

"ನನಗೆ ಏನೂ ಕಾಣಿಸಲೇ ಇಲ್ಲವಲ್ಲಾ ಸಾರ್! ಒಂದು ಹದ್ದು ಬಡಿದರೂ ಗಾಜು ಒಡೆದು ಹೋಗತ್ತೆ. ನಿಮ್ಮದರಲ್ಲಿ ಕಬ್ಬಿಣದ ಎಂಜಿನ್ ಇದೆ! ಅಷ್ಟು ಕೆಳಗೆ ಹಾರುವಾಗ ನಾನು ಸುಧಾರಿಸಿಕೊಳ್ಳೋಕೆ ಜಾಗವಾದರೂ ಎಲ್ಲಿದೆ? ಬುದ್ಧಿ ಬೇಡವಾ ನಿಮಗೆ?"

ತನಗಿಂತ ಅರ್ಧ ವಯಸ್ಸಿನವನು ಬೈದಷ್ಟನ್ನೂ ಮಾವ ತಲೆ ತಗ್ಗಿಸಿ ಕೇಳಿದರು. ಕೊನೆಗೆ ಅವನೇ ದನಿ ತಗ್ಗಿಸಿ ಕೇಳಿದ.

"ಅದನ್ನ ಕಟ್ಟೋಕೆ ಎಷ್ಟು ದಿನ ಹಿಡೀತು?"

"ಮೂರು ವರ್ಷ."

ಹುಡುಗ ಎದ್ದು ನಿಂತು, ಮಾವನ ಎರಡೂ ಕೈ ಹಿಡಿದುಕೊಂಡ. ಮಾವ, "ಊಟ ಆಗೈತೇನಪ್ಪ?" ಎಂದು ಕೇಳಿದರು. ಇಂಥ ಸಮಯದಲ್ಲಿ ಕೇಳುವ ಪ್ರಶ್ನೆಯೇ ಅದು?

ವಾಪಸು ಹೊರಟೆವು. ಇನ್ನು ಅತ್ತೆಯ ಬೈಗುಳ ಬೇರೆ ಬಾಕಿ ಇದೆಯಲ್ಲಾ ಎಂದು ನನಗೆ ದಿಗಿಲು. ಹೊಲಕ್ಕೆ ಬಂದು ನೋಡಿದರೆ, ಅತ್ತೆ ಶೇಂಗಾ ಸಾಲಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದರು. ತವರಿಗೆಂದು ಉಟ್ಟುಬಂದ ಹೊಸ ಸೀರೆಯ ಸೆರಗಿನ ತುಂಬಾ ಬಿದಿರಿನ ಚೂರು, ಕೆಂಪು ಕಾಗದ, ಸೊಟ್ಟಗಾದ ತಂತಿ. ಮಣ್ಣು ಮೆತ್ತಿದ ಎಂಜಿನ್ನನ್ನು ಸೆರಗಿನ ತುದಿಯಿಂದ ಒರೆಸುತ್ತಿದ್ದರು.

"ನಿಮ್ಮ ಕಣ್ಣು ಯಾವಾಗ್ಲೂ ಅದ್ರ ಮ್ಯಾಲೇ ಇರ್ತವೆ" ಎಂದರು, ತಲೆಯೆತ್ತದೆ. "ಮುಂದಿನ ಸಲ ಸುತ್ತ ಆಕಾಶ ನೋಡ್ಕಳಾದು ನನ್ನ ಕೆಲ್ಸ. ನಾನು ಸಾಕು ಅಂದ ತಕ್ಷಣ ಇಳಿಸ್ಬೇಕು."

ಮಾವ ಅಲ್ಲೇ ನಿಂತಿದ್ದರು. ಕನ್ನಡಕ ತೆಗೆದು ಪಂಚೆಯಿಂದ ಒರೆಸಿದರು, ಮತ್ತೆ ಒರೆಸಿದರು.

"ಸುಮ್ನೆ ಯಾಕೆ ನಿಂತೀರಿ, ಕುಂತ್ಕಳ್ರಿ. ಒಂದು ಚಕ್ರ ಸಿಕ್ಕಿಲ್ಲ. ಇಲ್ಲೇ ಎಲ್ಲೋ ಬಿದ್ದೈತೆ."

ಮಾವ ಅತ್ತೆಯ ಪಕ್ಕದಲ್ಲಿ ಮಂಡಿಯೂರಿದರು. ಇಬ್ಬರೂ ಶೇಂಗಾ ಎಲೆಗಳನ್ನು ಒಂದೊಂದಾಗಿ ಸರಿಸುತ್ತಾ ಹುಡುಕತೊಡಗಿದರು. ನಾನು ಸ್ವಲ್ಪ ದೂರದಲ್ಲೇ ನಿಂತೆ.